ಮಾಸ್ಕ್ ತೆಗೆಯದ ಹುಡುಗಿ: ಉಬ್ಬು ಹಲ್ಲು, ಹಳದಿ ಕಲೆ ಮತ್ತು ಒಂದು ಕ್ಲಿಪ್‌ನ ಪ್ರಕರಣ

ನಾನು ಬಳ್ಳಾರಿಯಲ್ಲಿ ವಕ್ರ ಹಲ್ಲು ಸರಿ ಮಾಡುವ ಡಾಕ್ಟರ್. ಜನ ನಮ್ಮನ್ನು 'ಕ್ಲಿಪ್ ಡಾಕ್ಟ್ರು' ಅನ್ನುತ್ತಾರೆ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ 12ರಿಂದ 17 ವರ್ಷದ ಮಕ್ಕಳೇ. ಅವರಲ್ಲಿ ಒಬ್ಬ ಹುಡುಗಿಯ ಚಿಕಿತ್ಸೆಯನ್ನು ಮೊದಲಿನಿಂದ ಕೊನೆಯವರೆಗೂ ಇಲ್ಲಿ ಬರೆಯುತ್ತಿದ್ದೇನೆ. ಅವಳೂ ಅವಳ ತಂದೆ ತಾಯಿಯೂ ಒಪ್ಪಿಗೆ ಕೊಟ್ಟಿದ್ದಾರೆ. ಹೆಸರು, ಊರು, ಶಾಲೆ ಬರೆಯುವುದಿಲ್ಲ. ಈ ಪ್ರಕರಣದಲ್ಲಿ ನಾನು ಮೊದಲ ದಿನವೇ ಒಂದು ತಪ್ಪು ಮಾಡಿದೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಮೊದಲ ಭೇಟಿ

2022ರ ಜೂನ್. ಸಂಜೆ ಹೊತ್ತಿಗೆ ಅಪ್ಪ, ಅವ್ವ, ಮಗಳು, ಜೊತೆಗೆ ನಾಲ್ಕು ವರ್ಷದ ಅವಳ ತಮ್ಮ ಬಂದರು. ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲೂಕಿನ ಒಂದು ಹಳ್ಳಿಯವರು. ಮಳೆ ನಂಬಿದ ಹೊಲ. ಸಜ್ಜೆ, ಶೇಂಗಾ, ಹಿಂಗಾರಿಗೆ ಕಡಲೆ. ಮಗಳು ಓದಲಿ ಅಂತ ಹಿಂದಿನ ವರ್ಷ ಎಂಟನೇ ಕ್ಲಾಸಿಗೆ ಬಳ್ಳಾರಿಗೆ ತಂದು ಹಾಸ್ಟೆಲ್‌ನಲ್ಲಿ ಬಿಟ್ಟಿದ್ದರು. ಅವಳಿಗೆ ಆಗ 14 ತುಂಬಿತ್ತು.

ಹುಡುಗಿ ಮಾಸ್ಕ್ ಹಾಕಿಕೊಂಡಿದ್ದಳು. ಆ ಹೊತ್ತಿಗೆ ಬಳ್ಳಾರಿಯ ಬೀದಿಯಲ್ಲಿ ಮಾಸ್ಕ್ ಹಾಕಿದವರನ್ನು ಹುಡುಕಬೇಕಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಶಾಲೆ ತೆರೆದಾಗ ಎಲ್ಲಾ ಮಕ್ಕಳ ಮುಖದ ಮೇಲೂ ಮಾಸ್ಕ್ ಇತ್ತು. ಆಮೇಲೆ ಒಬ್ಬೊಬ್ಬರೇ ತೆಗೆದರು. ಇವಳು ತೆಗೆಯಲಿಲ್ಲ.

'ಮನ್ಯಾಗೂ ತೆಗಿಯಾಕ ಒಲ್ಲಳ್ರಿ ಮೇಡಂ' ಅಂದರು ಅವ್ವ. 'ಊಟಕ್ಕ ಕುಂತ್ರ ಗ್ವಾಡಿ ಕಡೆ ಮಖ ಮಾಡ್ತಾಳ್ರಿ.'

ಅಪ್ಪ ಮಾತು ಶುರು ಮಾಡಿದರು. ಹಲ್ಲು ಮುಂದೆ ಬಂದಿವೆ, ಕ್ಲಿಪ್ ಹಾಕಿಸಬೇಕು, ಎಷ್ಟು ದಿನ ಬೇಕು, ಎಷ್ಟು ರೊಕ್ಕ ಆಗುತ್ತೆ. ಸ್ವಲ್ಪ ಸಂಕೋಚದಿಂದ ಇನ್ನೊಂದು ಮಾತು ಸೇರಿಸಿದರು: 'ಮುಂದ ಮದ್ವಿ ವಿಚಾರ ಐತಲ್ರೀ.' ಆ ಮಾತಿಗೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಆದರೆ ಆ ಮನುಷ್ಯ ಹೊಲದ ಕೆಲಸ ಬಿಟ್ಟು, ಹೊಸಪೇಟೆ ಮೇಲೆ ಎರಡು ಬಸ್ಸು ಬದಲಿಸಿ ಬಂದಿದ್ದರು. ಮಗಳ ಮುಖದ ಮೇಲಿನ ಮಾಸ್ಕ್ ಅವರಿಗೂ ಚುಚ್ಚುತ್ತಿತ್ತು. ಅದನ್ನು ಹೇಳೋಕೆ ಅವರಿಗೆ ಸಿಕ್ಕ ಮಾತು ಅದೊಂದೇ.

ಪರೀಕ್ಷೆ ಮಾಡಿದೆ. ಮೇಲಿನ ಮುಂದಿನ ಹಲ್ಲುಗಳು ಕೆಳಗಿನ ಹಲ್ಲುಗಳಿಗಿಂತ 7 ಮಿಲಿಮೀಟರ್ ಮುಂದೆ ಇದ್ದವು. ಮಾಮೂಲಾಗಿ ಈ ಅಂತರ 2ರಿಂದ 3 ಮಿಲಿಮೀಟರ್. ತುಟಿ ತಾನಾಗಿ ಮುಚ್ಚುತ್ತಿರಲಿಲ್ಲ. ಮುಚ್ಚಬೇಕಾದರೆ ಗದ್ದ ಬಿಗಿದು, ಗದ್ದದ ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತಿದ್ದವು. ಚಿಕಿತ್ಸೆ ಎಷ್ಟು ಅಗತ್ಯ ಅಂತ ಅಳೆಯಲು ಬ್ರೂಕ್ ಮತ್ತು ಶಾ ಅನ್ನುವವರು 1989ರಲ್ಲಿ ಮಾಡಿದ ಒಂದು ಸೂಚ್ಯಂಕ ಇದೆ. 1ರಿಂದ 5ರವರೆಗೆ ದರ್ಜೆ. 6 ಮಿಲಿಮೀಟರ್ ದಾಟಿ 9ರ ಒಳಗಿದ್ದರೆ ನಾಲ್ಕನೇ ದರ್ಜೆ, ಅಂದರೆ ಚಿಕಿತ್ಸೆ ಬೇಕು. ಎಕ್ಸ್‌ರೇ ತೆಗೆದೆ, ಹಲ್ಲಿನ ಅಚ್ಚು ತೆಗೆದುಕೊಂಡೆ, ಅಪ್ಪ ಅವ್ವನ ಹತ್ತಿರ ಅರ್ಧ ಗಂಟೆ ಮಾತಾಡಿದೆ. ಹುಡುಗಿಯನ್ನು ಕೇಳಿದ್ದು ಒಂದೇ ಪ್ರಶ್ನೆ: 'ಎಲ್ಲಾದ್ರೂ ನೋವಿದೆಯಾ?' ಅವಳು ಇಲ್ಲ ಅಂತ ತಲೆ ಆಡಿಸಿದಳು. ಮಾಸ್ಕ್ ಮತ್ತೆ ಹಾಕಿಕೊಂಡಳು.

ಇದೇ ನನ್ನ ತಪ್ಪು. ಅವಳ ಬಾಯಿಯ ಬಗ್ಗೆ ನಾನು ಎಲ್ಲರ ಹತ್ತಿರ ಮಾತಾಡಿದ್ದೆ, ಅವಳೊಬ್ಬಳನ್ನು ಬಿಟ್ಟು.

ಎಡಗಡೆಯ ಒಸಡು

ರಾತ್ರಿ ಕುಳಿತು ಫೋಟೋಗಳನ್ನು ನೋಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮೇಲಿನ ಎಡಗಡೆಯ ಕೋರೆಹಲ್ಲಿನ ಒಸಡು ಸುಮಾರು ಒಂದು ಮಿಲಿಮೀಟರ್ ಮೇಲೆ ಸರಿದಿತ್ತು. ಅಂಚು ಕೆಂಪಗೆ, ಹಸಿ ಗಾಯದ ಹಾಗೆ. ಪಕ್ಕದ ಹಲ್ಲುಗಳ ಹತ್ತಿರವೂ ಸ್ವಲ್ಪ ಹಾಗೇ. ಬಲಗಡೆ ಅಷ್ಟಿಲ್ಲ. ಬಲಗೈಯಲ್ಲಿ ಬ್ರಷ್ ಹಿಡಿದು ಜೋರಾಗಿ ಉಜ್ಜುವವರಿಗೆ ಎಡಗಡೆಯ ಒಸಡೇ ಜಾಸ್ತಿ ಸವೆಯುತ್ತದೆ. ನಲವತ್ತು ದಾಟಿದವರಲ್ಲಿ ಇದನ್ನು ದಿನಾ ನೋಡುತ್ತೇನೆ. 14 ವರ್ಷದ ಹುಡುಗಿಯಲ್ಲಿ ಯಾಕೆ?

ಹಲ್ಲು ಮುಂದೆ ಬಂದಿವೆ ಅಂತ ಯಾರೂ ಬ್ರಷ್ ಹಾಕಿ ತಿಕ್ಕುವುದಿಲ್ಲ ಅಲ್ವಾ?

ಆ ಫೋಟೋಗಳಲ್ಲಿ ಇನ್ನೊಂದೂ ಇತ್ತು. ಹಲ್ಲುಗಳ ಮೇಲೆ ಅಡ್ಡಕ್ಕೆ ಸುಣ್ಣದಂಥ ಬಿಳಿ ಪಟ್ಟೆಗಳು, ಮೇಲಿನ ನಾಲ್ಕು ಮುಂದಿನ ಹಲ್ಲುಗಳ ನಡುವೆ ಕಂದು ಹಳದಿ ಕಲೆ. ಫ್ಲೋರೋಸಿಸ್, ಅಂದರೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಹಲ್ಲಿಗೆ ಬರುವ ಕಲೆ. ನೋಡಿದ ತಕ್ಷಣ ಗೊತ್ತಾಗುವ ವಿಷಯ. ಕೇಸ್ ಪೇಪರ್‌ನಲ್ಲಿ 'ಫ್ಲೋರೋಸಿಸ್, ಮಧ್ಯಮ' ಅಂತ ಒಂದು ಸಾಲು ಬರೆದೂ ಇದ್ದೆ. ಬರೆದು ಮುಂದೆ ಹೋಗಿದ್ದೆ. ನಮ್ಮ ಕಡೆ ಈ ಹಲ್ಲು ಎಷ್ಟು ಮಾಮೂಲು ಅಂದರೆ ನಾನೂ ಅದನ್ನು ನೋಡುವುದನ್ನೇ ಬಿಟ್ಟಿದ್ದೆ.

ಕನ್ನಡಿ

ಮುಂದಿನ ವಾರ ಅವ್ವ, ಮಗಳು, ಚಿಕ್ಕ ತಮ್ಮ ಬಂದರು. ಅವ್ವನನ್ನೂ ತಮ್ಮನನ್ನೂ ಹೊರಗೆ ಕೂರಿಸಿದೆ, ಬಾಗಿಲು ಅರ್ಧ ತೆರೆದೇ ಇತ್ತು. ಕುರ್ಚಿಯನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸಿ, ನಾನೂ ಅವಳ ಎತ್ತರಕ್ಕೆ ಸ್ಟೂಲ್ ಎಳೆದುಕೊಂಡು ಕುಳಿತೆ. ಕೈಗೆ ಕನ್ನಡಿ ಕೊಟ್ಟೆ.

'ನಾನು ಏನೂ ಹೇಳಲ್ಲವಾ. ನಿನಗ ಯಾವುದು ಬ್ಯಾಡ ಅನ್ನಿಸ್ತೈತಿ, ನೀನ ತೋರಿಸು.'

ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಮಾಸ್ಕ್ ಗದ್ದದ ಕೆಳಗೆ ಎಳೆದುಕೊಂಡು, ತೋರುಬೆರಳಿನ ಉಗುರಿನಿಂದ ಮುಂದಿನ ಹಲ್ಲಿನ ಕಂದು ಕಲೆಯನ್ನು ಕೆರೆದಳು. ಕ್ರಿಕ್, ಕ್ರಿಕ್ ಅಂತ ಸಣ್ಣ ಸದ್ದು ಬಂತು. ಒಂದು ಸಲ ಅಲ್ಲ, ನಾಲ್ಕೈದು ಸಲ. ಕೆರೆದು ಕನ್ನಡಿ ನೋಡಿದಳು, ಮತ್ತೆ ಕೆರೆದಳು. ಅದು ಆ ದಿನ ಶುರುವಾದ ಅಭ್ಯಾಸ ಅಲ್ಲ ಅಂತ ಆ ಉಗುರೇ ಹೇಳುತ್ತಿತ್ತು.

'ಹಲ್ಲು ಮುಂದ ಬಂದಿದ್ದು ನಮ್ಮವ್ವಂದೂ ಹಂಗ ಐತ್ರಿ. ಅದು ಇರ್ಲಿ. ಈ ಹಳದಿ ಹೋಗ್ತೈತೇನ್ರಿ?'

ನಂತರ ಒಂದೊಂದೇ ಹೊರಗೆ ಬಂತು. ಊರಲ್ಲಿದ್ದಾಗ ಅವಳಿಗೆ ತನ್ನ ಹಲ್ಲು ಬೇರೆ ಥರ ಇದೆ ಅಂತ ಗೊತ್ತೇ ಇರಲಿಲ್ಲ. 'ನಮ್ಮೂರಾಗ ಎಲ್ಲಾರ್ದೂ ಹಿಂಗ ಅದಾವ್ರಿ.' ಹಾಸ್ಟೆಲ್‌ಗೆ ಬಂದ ಮೇಲೆ ಪಕ್ಕದ ಹಾಸಿಗೆಯ ಹುಡುಗಿಯರ ಬಿಳಿ ಹಲ್ಲು ನೋಡಿದಳು. ಮಾಸ್ಕ್ ಇದ್ದಷ್ಟು ದಿನ ತೊಂದರೆ ಇರಲಿಲ್ಲ. ಒಂದು ದಿನ ಮಧ್ಯಾಹ್ನ ಊಟದ ಹೊತ್ತಲ್ಲಿ ಶಿಕ್ಷಕರೊಬ್ಬರು ಅವಳ ಹಲ್ಲು ನೋಡಿ ಎಲ್ಲರೆದುರು ಕೇಳಿದರು: 'ಗುಟ್ಕಾ ತಿಂತೀಯೇನು?' ಇಲ್ಲ ಅಂದಳು. ಅವರು ನಂಬಲಿಲ್ಲ. ಬ್ಯಾಗ್ ತೆಗೆಸಿ ನೋಡಿದರು. ಏನೂ ಸಿಗಲಿಲ್ಲ. ಬ್ಯಾಗ್ ನೋಡಿದ್ದು ಮಾತ್ರ ಎಲ್ಲರ ನೆನಪಲ್ಲಿ ಉಳಿಯಿತು. ಅಲ್ಲಿಂದ ಮುಂದೆ ಅವಳ ಹೆಸರು 'ಪಾನ್‌ಪರಾಗ್' ಅಂತಾಯಿತು.

ಆಮೇಲೆ ದಿನಕ್ಕೆ ಮೂರು ನಾಲ್ಕು ಸಲ ಬ್ರಷ್. ಮೊಬೈಲ್‌ನಲ್ಲಿ ಯಾರದೋ ವಿಡಿಯೋ ನೋಡಿ ನಿಂಬೆಹಣ್ಣಿನ ರಸಕ್ಕೆ ಉಪ್ಪು ಹಾಕಿ ಉಜ್ಜಿದಳು. ಒಸಡು ಉರಿದರೂ ಬಿಡಲಿಲ್ಲ. ಹಾಸ್ಟೆಲ್‌ನಲ್ಲಿ ಎಲ್ಲರೂ ಉಂಡು ಎದ್ದ ಮೇಲೆ ತಟ್ಟೆ ಹಿಡಿಯುತ್ತಿದ್ದಳು. ಖೋ ಖೋ ಆಡುತ್ತಿದ್ದವಳು ಅದನ್ನೂ ಬಿಟ್ಟಳು, ಯಾಕೆಂದರೆ ಓಡುವಾಗ ಮಾಸ್ಕ್‌ನಲ್ಲಿ ಉಸಿರು ಕಟ್ಟುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು. ತನ್ನ ಮುಖದ ಒಂದು ಭಾಗ ಕುರೂಪ ಅಂತ ಹದಿವಯಸ್ಸಿನಲ್ಲಿ ಮಕ್ಕಳು ಕೊರಗುವುದು ಬೇರೆ, ಅದು ಕಾಯಿಲೆಯ ಮಟ್ಟಕ್ಕೆ ಹೋಗುವುದು ಬೇರೆ. ಬೇರೆಯವರ ಕಣ್ಣಿಗೆ ಕಾಣದ ಅಥವಾ ಅತಿ ಚಿಕ್ಕದಾದ ಕೊರತೆಯ ಬಗ್ಗೆ ದಿನಕ್ಕೆ ಗಂಟೆಗಟ್ಟಲೆ ಯೋಚಿಸುವುದು, ಕನ್ನಡಿ ಬಿಡದೇ ಇರುವುದು, ಒಂದು ಸರಿ ಮಾಡಿದರೆ ಇನ್ನೊಂದನ್ನು ಹಿಡಿಯುವುದು, ಇವೆಲ್ಲ ಮನೋವೈದ್ಯರು ನೋಡಬೇಕಾದ ಲಕ್ಷಣಗಳು. ಅಂಥ ಮಕ್ಕಳಿಗೆ ಕ್ಲಿಪ್ ಹಾಕಿದರೆ ಕೊರಗು ಹೋಗುವುದಿಲ್ಲ. ಅದಕ್ಕೆ ನಾನು ನಿದ್ದೆ, ಊಟ, ಓದು, ಜೀವ ಬೇಡ ಅನ್ನಿಸುತ್ತಾ ಅನ್ನುವುದನ್ನೂ ನೇರವಾಗಿ ಕೇಳಿದೆ. ಜೀವ ಬೇಡ ಅನ್ನುವ ಯೋಚನೆ ಇರಲಿಲ್ಲ. ಅವಳ ಕಲೆ ನಿಜವಾದ ಕಲೆ, ಅವಳಿಗೆ ಆದ ಅವಮಾನ ನಿಜವಾದ ಅವಮಾನ. ಆದರೂ ಆ ವರ್ಷದ ಅಕ್ಟೋಬರ್‌ನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಶುರುವಾದ ಮೇಲೆ ಅವ್ವನಿಗೆ ಅದರ 14416 ನಂಬರ್ ಬರೆದುಕೊಟ್ಟೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹಾಸ್ಟೆಲ್‌ನಲ್ಲಿ ಮಗಳು ಮಂಕಾಗಿದ್ದಾಳೆ ಅನ್ನಿಸಿದರೆ ಫೋನ್ ಮಾಡಿ ಅಂದೆ.

ನೀರಿನ ವಿಷಯ

ಈ ಕಲೆ ಎಲ್ಲಿಂದ ಬರುತ್ತೆ ಅನ್ನುವುದನ್ನು ಅವಳಿಗೂ ಅವ್ವನಿಗೂ ಚಿತ್ರ ಬರೆದು ತೋರಿಸಿದೆ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ ಅದೇ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಎಷ್ಟೋ ಬೋರ್‌ವೆಲ್‌ಗಳ ನೀರು ಇದನ್ನು ದಾಟುತ್ತದೆ. ನೆಲದ ಕೆಳಗಿನ ಗ್ರಾನೈಟ್ ಕಲ್ಲಿನಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಬಳ್ಳಾರಿ ನಗರಕ್ಕೆ ಬರುವುದು ತುಂಗಭದ್ರಾ ಕಾಲುವೆ ನೀರು. ಅದಕ್ಕೇ ಅವಳ ಹಾಸ್ಟೆಲ್ ಗೆಳತಿಯರ ಹಲ್ಲು ಬೇರೆ, ಅವಳ ಊರಿನವರ ಹಲ್ಲು ಬೇರೆ. ಒಂದೇ ಸೀಮೆ, ಕುಡಿದ ನೀರು ಬೇರೆ.

ಹಲ್ಲು ದವಡೆಯ ಒಳಗೆ ರೂಪುಗೊಳ್ಳುವಾಗ, ಅಂದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ, ಜಾಸ್ತಿ ಫ್ಲೋರೈಡ್ ಹೊಟ್ಟೆಗೆ ಹೋದರೆ ಹಲ್ಲಿನ ಹೊರ ಪದರ ಸರಿಯಾಗಿ ಗಟ್ಟಿಯಾಗುವುದಿಲ್ಲ. ಅದು ಹೊರಗೆ ಬರುವಾಗ ಸುಣ್ಣದ ಹಾಗೆ ಬೆಳ್ಳಗಿರುತ್ತದೆ. ಕಂದು ಬಣ್ಣ ಹಿಡಿಯುವುದು ಆಮೇಲೆ. ಕಲೆ ಪದರದ ಒಳಗೇ ಇರುವುದರಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಗುಟ್ಕಾ ಕಲೆ ಹಾಗಲ್ಲ. ಅದು ಮೇಲೆ ಕೂರುತ್ತದೆ, ಒಸಡಿನ ಅಂಚಿಗೆ, ಹಲ್ಲಿನ ಸಂದಿಗೆ ಸೇರುತ್ತದೆ, ಕ್ಲೀನಿಂಗ್ ಮಾಡಿದರೆ ಬಹಳಷ್ಟು ಬಿಡುತ್ತದೆ. ಫ್ಲೋರೋಸಿಸ್ ಕಲೆ ಎಡಕ್ಕೂ ಬಲಕ್ಕೂ ಜೋಡಿ ಹಲ್ಲುಗಳ ಮೇಲೆ ಹೆಚ್ಚುಕಡಿಮೆ ಒಂದೇ ಥರ ಬರುತ್ತದೆ. ಇಷ್ಟು ಗೊತ್ತಿದ್ದರೆ ಯಾರೂ ಆ ಬ್ಯಾಗ್ ತೆಗೆಸುತ್ತಿರಲಿಲ್ಲ.

ಅಮೆರಿಕದ ಕೊಲೊರಾಡೋ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಫ್ರೆಡರಿಕ್ ಮೆಕೇ ಅನ್ನುವ ದಂತವೈದ್ಯ ಹೋದಾಗ ಅಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳ ಹಲ್ಲು ಕಂದಾಗಿದ್ದವು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕಾರಣ ನೀರಿನಲ್ಲಿರುವ ಫ್ಲೋರೈಡ್ ಅಂತ ಗೊತ್ತಾಗಿದ್ದು 1931ರಲ್ಲಿ. ಮೂವತ್ತು ವರ್ಷ ಹಿಡಿಯಿತು. ಇದನ್ನು ಹುಡುಗಿಗೆ ಹೇಳಿದಾಗ ಅವಳು ಮೊದಲ ಸಲ ನನ್ನ ಮುಖ ನೋಡಿ ಕೇಳಿದಳು: 'ಅಮೆರಿಕಾದಾಗೂ ಹಿಂಗ ಇದ್ವೇನ್ರಿ?'

ಅವ್ವ ಕೇಳಿದ್ದು ಬೇರೆ: 'ನೀರು ಕುದಿಸಿ ಕೊಟ್ರ ಆಕೈತೇನ್ರಿ?' ಆಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತೆ, ಫ್ಲೋರೈಡ್ ಉಳಿಯುತ್ತೆ. ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇತ್ತು, ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನ್ ತುಂಬುತ್ತಿತ್ತು. ಆದರೆ ಅವರ ಮನೆಯಲ್ಲಿ ಆ ನೀರು ಬಂದ ನೆಂಟರಿಗೆ ಮಾತ್ರ. ಅಡುಗೆಗೆ, ಮಕ್ಕಳಿಗೆ, ತಮಗೆ ಎಲ್ಲಾ ಬೋರಿನ ನೀರೇ. ಬೇಳೆ ಬೇಯಿಸುವುದಕ್ಕೂ ಕ್ಯಾನಿನ ನೀರೇ ಹಾಕಿ ಅಂದೆ. ಕುರ್ಚಿಯ ಗುಂಡಿ ಒತ್ತಿ ಆಡುತ್ತಿದ್ದ ಚಿಕ್ಕ ಹುಡುಗನನ್ನು ತೋರಿಸಿ, ಇವನಿಗಾದರೂ ಇವತ್ತಿನಿಂದಲೇ ಅಂದೆ.

ಕ್ರಮ ಬದಲಾಯಿತು

ಸಾಮಾನ್ಯವಾಗಿ ನಾವು ಮೊದಲು ಕ್ಲಿಪ್ ಹಾಕಿ ಹಲ್ಲು ಸಾಲಿಗೆ ತರುತ್ತೇವೆ. ಬಣ್ಣದ ಕೆಲಸ ಕೊನೆಗೆ. ನನ್ನ ಮೊದಲ ಯೋಜನೆಯೂ ಅದೇ. ಹಾಗೆ ಮಾಡಿದ್ದರೆ ಈ ಹುಡುಗಿ ಎರಡು ವರ್ಷ ಅದೇ ಕಲೆಯ ಮೇಲೆ ಲೋಹದ ತುಂಡುಗಳನ್ನು ಅಂಟಿಸಿಕೊಂಡು ಅದೇ ಕ್ಲಾಸಿನಲ್ಲಿ ಕೂರಬೇಕಿತ್ತು.

ಹಾಗಾಗಿ ತಿರುಗಿಸಿದೆ. ಮೊದಲು ಕಲೆ, ಆಮೇಲೆ ಕ್ಲಿಪ್. ಇದರಲ್ಲಿ ಕೆಲಸದ ದೃಷ್ಟಿಯಿಂದಲೂ ಒಂದು ಲಾಭ ಇತ್ತು. ಬ್ರಾಕೆಟ್, ಅಂದರೆ ಕ್ಲಿಪ್‌ನ ಆ ಲೋಹದ ತುಂಡು, ಅಂಟಿಸುವ ಮುಂಚೆ ಹಲ್ಲಿನ ಮೇಲೆ 37 ಶೇಕಡಾ ಫಾಸ್ಫರಿಕ್ ಆಸಿಡ್ ಹಚ್ಚಿ 15ರಿಂದ 30 ಸೆಕೆಂಡ್ ಬಿಡುತ್ತೇವೆ. ಅದು ಹಲ್ಲನ್ನು ಕಣ್ಣಿಗೆ ಕಾಣದಷ್ಟು ತರಿತರಿ ಮಾಡುತ್ತೆ, ಅಂಟು ಕಚ್ಚಿಕೊಳ್ಳುತ್ತೆ. ಫ್ಲೋರೋಸಿಸ್ ಹಲ್ಲಿನ ತೀರಾ ಮೇಲಿನ ಪದರ ಆಸಿಡ್‌ಗೆ ಸುಲಭವಾಗಿ ಜಗ್ಗುವುದಿಲ್ಲ. ಬ್ರಾಕೆಟ್‌ಗಳು ಪದೇ ಪದೇ ಉದುರುತ್ತವೆ. ಆ ಪದರವನ್ನು ಸ್ವಲ್ಪ ತೆಗೆದರೆ ಕಲೆಯೂ ತಿಳಿಯಾಗುತ್ತೆ, ಬ್ರಾಕೆಟ್ ಕೂಡ ಚೆನ್ನಾಗಿ ನಿಲ್ಲುತ್ತೆ.

ಈ ವಿಧಾನಕ್ಕೆ ಮೈಕ್ರೋಅಬ್ರೇಷನ್ ಅನ್ನುತ್ತಾರೆ. ಒಸಡಿಗೆ ತಾಗದ ಹಾಗೆ ರಬ್ಬರ್ ಹಾಳೆ ಕಟ್ಟಿ, ಹೈಡ್ರೋಕ್ಲೋರಿಕ್ ಆಸಿಡ್ ಮತ್ತು ಸಣ್ಣ ಉಜ್ಜುಪುಡಿ ಸೇರಿದ ಪೇಸ್ಟ್‌ನಿಂದ ಕೆಲವೇ ಸೆಕೆಂಡ್ ಉಜ್ಜಿ, ತೊಳೆದು, ನೋಡಿ, ಮತ್ತೆ ಉಜ್ಜುವುದು. ಹೋಗುವ ಪದರ ಒಂದು ಕೂದಲೆಳೆಯ ದಪ್ಪದಷ್ಟು. ಇದನ್ನು ಮನೆಯಲ್ಲಿ ಯಾರೂ ಪ್ರಯತ್ನ ಮಾಡಬಾರದು, ದಯವಿಟ್ಟು. ನಿಂಬೆ ರಸದ ಪ್ರಯೋಗವನ್ನೂ ಅವತ್ತೇ ನಿಲ್ಲಿಸಿದೆ, ಮೆತ್ತನೆಯ ಬ್ರಷ್ ಕೊಟ್ಟು ಉಜ್ಜುವ ರೀತಿ ಕಲಿಸಿದೆ. ಒಸಡು ತಣಿಯಲು ಮೂರು ವಾರ ಬಿಟ್ಟೆ.

ಜುಲೈನಲ್ಲಿ ಎರಡು ಸಲ ಮಾಡಿದೆವು. ಮೊದಲೇ ಹೇಳಿದ್ದೆ: 'ಕಂದು ಬಹಳಷ್ಟು ಹೋಗ್ತೈತಿ. ಬಿಳಿ ಪಟ್ಟಿ ಉಳಿತಾವ. ಟಿವ್ಯಾಗಿನ ಹಲ್ಲು ಆಗೂದಿಲ್ಲ.' ಎರಡನೇ ಸಲ ಮುಗಿದಾಗ ಕಂದು ಹೋಗಿ ತೆಳು ಕೆನೆ ಬಣ್ಣದ ನೆರಳಷ್ಟೇ ಉಳಿದಿತ್ತು. ಅವಳು ಕನ್ನಡಿ ಹಿಡಿದು ಅದೇ ಉಗುರಿನಿಂದ ಅದೇ ಜಾಗ ಮುಟ್ಟಿದಳು. ಕೆರೆಯಲಿಲ್ಲ.

ಮಾಸ್ಕ್ ಹಾಕಿಕೊಂಡೇ ಹೋದಳು. ನಾನು ಏನೂ ಅನ್ನಲಿಲ್ಲ.

ಅವಳ ಕೈಯಲ್ಲಿ ಶಾಲೆಗೆ ಒಂದು ಪತ್ರ ಕೊಟ್ಟಿದ್ದೆ. 'ಇದು ಫ್ಲೋರೋಸಿಸ್, ಬಾಲ್ಯದಲ್ಲಿ ಕುಡಿದ ನೀರಿನಿಂದ ಆದದ್ದು. ತಂಬಾಕಿನ ಕಲೆ ಅಲ್ಲ.' ಮೂರೇ ಸಾಲು, ಸಹಿ, ಸೀಲು. ಮುಖ್ಯ ಶಿಕ್ಷಕರಿಗೆ ಒಂದು ಪ್ರತಿ, ಅವಳಿಗೆ ಒಂದು. ಅವಳು ತನ್ನ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಕಂಪಾಸ್ ಬಾಕ್ಸ್‌ನಲ್ಲಿ ಇಟ್ಟುಕೊಂಡಿದ್ದಳು. ಒಂದು ವರ್ಷದ ನಂತರವೂ ಅದು ಅಲ್ಲೇ ಇತ್ತು, ಮಡಿಕೆ ಹರಿದು, ಪೆನ್ಸಿಲ್ ಕಪ್ಪು ಹತ್ತಿ. ಬ್ಯಾಗ್ ತೆಗೆಸಿದ ಶಿಕ್ಷಕರು ಆಮೇಲೆ ಅವಳನ್ನು ಕರೆದು 'ನನಗ ಗೊತ್ತಿರಲಿಲ್ಲವಾ' ಅಂದರಂತೆ. ಅಷ್ಟು ಸಾಕಾಗಿತ್ತಾ? ನನ್ನ ಪ್ರಕಾರ ಎಲ್ಲರೆದುರು ಕೇಳಿದ್ದಕ್ಕೆ ಎಲ್ಲರೆದುರೇ ಹೇಳಬೇಕಿತ್ತು. ಆದರೆ ಅವಳು ಅಷ್ಟಕ್ಕೇ ಸಮಾಧಾನ ಆದಳು.

ಕ್ಲಿಪ್ ಬೇಕೋ ಬೇಡವೋ

ಕ್ಲಿಪ್ ವಿಷಯ ನಾನು ಅವಳಿಗೇ ಬಿಟ್ಟೆ. ಅಪ್ಪನಿಗೆ ಇದು ಸರಿ ಕಾಣಲಿಲ್ಲ. 'ಸಣ್ಣ ಹುಡುಗಿಗೆ ಏನ್ ತಿಳಿತೈತ್ರಿ?' ಅಂದರು. ತಿಳಿಯುತ್ತೆ. ಕ್ಲಿಪ್ ಹಾಕುವುದು ಒಂದು ದಿನದ ಕೆಲಸ, ಅದನ್ನು ಎರಡು ವರ್ಷ ಸಂಭಾಳಿಸುವುದು ಮಗುವಿನ ಕೆಲಸ. ಅಪ್ಪನಿಗೋಸ್ಕರ ಹಾಕಿಸಿಕೊಂಡ ಮಕ್ಕಳು ಸರಿಯಾಗಿ ಉಜ್ಜುವುದಿಲ್ಲ, ತಾರೀಖಿಗೆ ಬರುವುದಿಲ್ಲ, ಕೊನೆಗೆ ಬ್ರಾಕೆಟ್ ಸುತ್ತ ಹುಳುಕು ಹಿಡಿಸಿಕೊಂಡು ಹೋಗುತ್ತಾರೆ.

ಅವಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮುಂದಿನ ಹಲ್ಲು ಇಷ್ಟು ಉಬ್ಬಿದ್ದರೆ ಬಿದ್ದಾಗ, ಮೊಣಕೈ ತಾಗಿದಾಗ ಮುರಿಯುವ ಸಾಧ್ಯತೆ ಬೇರೆಯವರಿಗಿಂತ ಸುಮಾರು ಎರಡು ಪಟ್ಟು. ತುಟಿ ಸಲೀಸಾಗಿ ಮುಚ್ಚಲಿ ಅನ್ನುವುದು ಇನ್ನೊಂದು ಕಾರಣ. ಹಾಕಿಸಿಕೊಳ್ಳದಿದ್ದರೆ ಬದುಕು ಹಾಳಾಗುತ್ತಾ? ಇಲ್ಲ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 1981ರಲ್ಲಿ 11-12 ವರ್ಷದ ಮಕ್ಕಳನ್ನು ನೋಡಲು ಶುರು ಮಾಡಿ 20 ವರ್ಷ ಬಿಟ್ಟು ಮತ್ತೆ ನೋಡಿದ ಒಂದು ಅಧ್ಯಯನ ಇದೆ. ಚಿಕ್ಕವರಿದ್ದಾಗ ಹಲ್ಲು ಸರಿ ಮಾಡಿಸಿಕೊಂಡವರು ದೊಡ್ಡವರಾದ ಮೇಲೆ ಮನಸ್ಸಿನ ದೃಷ್ಟಿಯಿಂದ ಬೇರೆಯವರಿಗಿಂತ ಹೆಚ್ಚು ಸುಖವಾಗಿದ್ದರು ಅಂತ ಅದರಲ್ಲಿ ಕಾಣಲಿಲ್ಲ. ನನ್ನ ಕಸುಬಿನವರಿಗೆ ಇದು ಹಿತವಾದ ಮಾತಲ್ಲ. ಆದರೆ ಕ್ಲಿಪ್ ಹಾಕಿದರೆ ಮಗುವಿಗೆ ಧೈರ್ಯ ಬರುತ್ತೆ ಅಂತ ಮಾತು ಕೊಟ್ಟು ದುಡ್ಡು ತೆಗೆದುಕೊಳ್ಳುವುದು ಸರಿಯಲ್ಲ.

ಆರು ವಾರ ಸುದ್ದಿ ಇಲ್ಲ. ಆಗಸ್ಟ್ ಕೊನೆಯಲ್ಲಿ ಹಾಸ್ಟೆಲ್ ವಾರ್ಡನ್ ಜೊತೆ ಬಂದಳು. ಗದ್ದದ ಕೆಳಗೆ ಮಾಸ್ಕ್ ನೇತಾಡುತ್ತಿತ್ತು. 'ಖೋ ಖೋ ಟೀಮಿನ್ಯಾಗ ಹೆಸರು ಕೊಟ್ಟೀನ್ರಿ ಮೇಡಂ. ಬಿದ್ರ ಹಲ್ಲು ಮುರಿತಾವಂದ್ರಲ್ಲ, ಕ್ಲಿಪ್ ಹಾಕ್ರಿ.'

ನನ್ನ ಪಟ್ಟಿಯಲ್ಲಿ ಇಲ್ಲದ ಕಾರಣ ಅಲ್ಲ ಅದು. ಆದರೆ ಅವಳೇ ಆರಿಸಿಕೊಂಡ ಕಾರಣ. ಅವ್ವ ಅಪ್ಪನ ಸಹಿ ಆದ ಮೇಲೆ ಶುರು ಮಾಡಿದೆವು.

22 ತಿಂಗಳು

ಇವಳು 11-12ರಲ್ಲಿ ಬಂದಿದ್ದರೆ ಬೇರೆ ದಾರಿ ಇತ್ತು. ಆ ವಯಸ್ಸಿನಲ್ಲಿ ಹೆಣ್ಣುಮಕ್ಕಳು ದಿಢೀರ್ ಬೆಳೆಯುತ್ತಾರೆ, ಗಂಡುಮಕ್ಕಳು ಒಂದೆರಡು ವರ್ಷ ತಡ. ಆಗ ಕೆಳದವಡೆ ಹಿಂದೆ ಇದ್ದರೆ ಟ್ವಿನ್ ಬ್ಲಾಕ್ ಅನ್ನುವ ತೆಗೆದು ಹಾಕುವ ಸಾಧನ ಕೊಡುತ್ತೇವೆ. ವಿಲಿಯಂ ಕ್ಲಾರ್ಕ್ ಅನ್ನುವ ಸ್ಕಾಟ್ಲೆಂಡಿನ ವೈದ್ಯರು 1977ರಲ್ಲಿ ಮಾಡಿದ್ದು. ಇವಳು ದೊಡ್ಡವಳಾಗಿ ಎರಡು ವರ್ಷ ಆಗಿತ್ತು, ಎಕ್ಸ್‌ರೇಯಲ್ಲಿ ಕತ್ತಿನ ಮೂಳೆಗಳೂ ಬೆಳವಣಿಗೆಯ ಓಟ ಮುಗಿದಿದೆ ಅಂತಲೇ ಹೇಳುತ್ತಿದ್ದವು. ಹಾಗಾಗಿ ಮೇಲಿನ ಎರಡು ಹಲ್ಲು, ಕೋರೆಹಲ್ಲಿನ ಹಿಂದಿನವು, ಕಿತ್ತು ಆ ಜಾಗಕ್ಕೆ ಮುಂದಿನವನ್ನು ಎಳೆಯುವುದು ಅಂತ ತೀರ್ಮಾನ.

ಊರಿನಿಂದ ಅಜ್ಜಿ ಫೋನ್ ಮಾಡಿದರು. 'ಮ್ಯಾಲಿನ ಹಲ್ಲು ಕಿತ್ರ ಕಣ್ಣು ಹೋಗ್ತಾವಂತಲ್ಲಬೇ ಯವ್ವಾ!' ನಮ್ಮ ಕಡೆ ಈ ಭಯ ಮನೆಮನೆಯಲ್ಲೂ ಇದೆ. ಕಣ್ಣಿನ ನೋಟದ ನರ ಬೇರೆ, ಹಲ್ಲಿನ ನರ ಬೇರೆ, ಕಿತ್ತರೆ ದೃಷ್ಟಿಗೆ ಏನೂ ಆಗಲ್ಲ ಅಂತ ಹತ್ತು ನಿಮಿಷ ಮಾತಾಡಿದೆ. ಅಜ್ಜಿ ನಂಬಿದರೋ ಇಲ್ಲವೋ, 'ಹುಷಾರಿ ಮಾಡ್ರವಾ' ಅಂದು ಫೋನ್ ಇಟ್ಟರು.

ಹಲ್ಲು ಮೂಳೆಯಲ್ಲಿ ಹೂತ ಗೂಟ ಅಲ್ಲ. ಬೇರಿನ ಸುತ್ತ ತೆಳುವಾದ ಎಳೆಗಳ ಪದರ ಇದೆ. ಸಣ್ಣಗೆ, ಬಿಡದೆ ಒತ್ತಿದರೆ ಒತ್ತಿದ ಕಡೆ ಮೂಳೆ ಕರಗುತ್ತೆ, ಬಿಟ್ಟ ಕಡೆ ಹೊಸ ಮೂಳೆ ಕಟ್ಟುತ್ತೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತೆ. ಜೋರಾಗಿ ಎಳೆದರೆ ಬೇಗ ಆಗಲ್ಲ, ಬೇರು ಸವೆಯುತ್ತೆ. ಇದನ್ನು ಅವಳು ತಂಗಿಯಂಥ ಜೂನಿಯರ್ ಹುಡುಗಿಯರಿಗೆ ಹೇಳಿಕೊಡುತ್ತಿದ್ದಳಂತೆ.

ಮೊದಲ ತಿಂಗಳಲ್ಲೇ ಎರಡು ಬ್ರಾಕೆಟ್ ಉದುರಿದವು, ಎರಡೂ ಕೆಳಗಿನ ಸಾಲಿನವು. ಅಲ್ಲಿ ನಾನು ಪದರ ತೆಗೆದಿರಲಿಲ್ಲ. ಮೇಲಿನ ನಾಲ್ಕು ಗಟ್ಟಿಯಾಗಿ ನಿಂತವು. ಮತ್ತೆ ಅಂಟಿಸುವಾಗ ಕೆಳಗೂ ಹಾಗೇ ಮಾಡಿದೆ. ಸಂಕ್ರಾಂತಿಗೆ ಊರಿಗೆ ಹೋಗಿ ಬಂದಾಗ ಇನ್ನೊಂದು ಹೋಗಿತ್ತು. ಎಳ್ಳು ಹಚ್ಚಿದ ಕಡಕ್ ಸಜ್ಜಿ ರೊಟ್ಟಿ. ಕ್ಲಿಪ್ ಹಾಕಿದವರಿಗೆ ಕೊಡುವ ಚೀಟಿಯಲ್ಲಿ 'ಗಟ್ಟಿ ಪದಾರ್ಥ ಬೇಡ' ಅಂತ ಬರೆದರೆ ನಮ್ಮ ಮಕ್ಕಳಿಗೆ ಏನೂ ಗೊತ್ತಾಗುವುದಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಿಕ್ಕಿ, ಹುರಿದ ಕಡಲೆ, ಕಬ್ಬು, ಇಡೀ ಪೇರಲ ಹಣ್ಣು ಅಂತ ಬರೆಯಬೇಕು. ಬಿಸಿ ರೊಟ್ಟಿ ಸಾರಿನಲ್ಲಿ ನೆನೆಸಿ ತಿನ್ನಬಹುದು, ಒಗ್ಗರಣಿ ಮಂಡಕ್ಕಿ ತಿನ್ನಬಹುದು, ಮಿರ್ಚಿ ತುಂಡು ಮಾಡಿಕೊಂಡು ತಿನ್ನಬಹುದು ಅಂತಲೂ ಬರೆಯಬೇಕು. ಈಗ ನನ್ನ ಚೀಟಿ ಹಾಗೇ ಇದೆ.

ಅವ್ವನಿಗೆ ಇನ್ನೊಂದು ಅನುಮಾನ: ಫ್ಲೋರೈಡ್‌ನಿಂದಲೇ ಹೀಗಾಗಿದ್ದು, ಫ್ಲೋರೈಡ್ ಇರುವ ಪೇಸ್ಟ್ ಯಾಕೆ? ಒಳ್ಳೆಯ ಪ್ರಶ್ನೆ. ಕಲೆ ಆಗುವುದು ಹಲ್ಲು ಕಟ್ಟುವಾಗ ನುಂಗಿದ್ದರಿಂದ. ಹೊರಗೆ ಬಂದ ಹಲ್ಲಿನ ಮೇಲೆ ಹಚ್ಚಿ ಉಗುಳಿದರೆ ಹೊಸ ಕಲೆ ಆಗಲ್ಲ, ಹುಳುಕು ತಡೆಯುತ್ತೆ. ಚಿಕ್ಕ ತಮ್ಮನಿಗೆ ಮಾತ್ರ ಬಟಾಣಿ ಕಾಳಿನಷ್ಟು ಹಾಕಿ, ನುಂಗದ ಹಾಗೆ ನೋಡಿಕೊಳ್ಳಬೇಕು.

2024ರ ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಳು. ಜೂನ್‌ನಲ್ಲಿ ಕ್ಲಿಪ್ ತೆಗೆದೆ. 7 ಇದ್ದ ಅಂತರ ಎರಡೂವರೆ ಮಿಲಿಮೀಟರ್‌ಗೆ ಬಂದಿತ್ತು. ತುಟಿ ಬಿಗಿಯದೆ ಮುಚ್ಚುತ್ತಿತ್ತು. ಬಿಳಿ ಪಟ್ಟೆಗಳು ಇದ್ದವು. ಬೇಕಾದರೆ ಅದಕ್ಕೂ ಏನಾದರೂ ಮಾಡಬಹುದು ಅಂದೆ. 'ಇರ್ಲಿ ಬಿಡ್ರಿ' ಅಂದಳು. ಹಲ್ಲು ಮತ್ತೆ ಹಳೆಯ ಜಾಗಕ್ಕೆ ಸರಿಯದ ಹಾಗೆ ಕೆಳಗೆ ಒಳಗಡೆ ತಂತಿ ಅಂಟಿಸಿ, ಮೇಲೆ ತೆಗೆದು ಹಾಕುವ ರಿಟೇನರ್ ಕೊಟ್ಟೆ. ಊಟ ಮಾಡುವಾಗ ಅದನ್ನು ಕಾಗದದಲ್ಲಿ ಸುತ್ತಿಡಬೇಡ, ಕಸದ ಜೊತೆ ಹೋಗುತ್ತೆ, ಡಬ್ಬಿಯಲ್ಲೇ ಇಡು ಅಂತ ಮೂರು ಸಲ ಹೇಳಿದೆ. ಎರಡೇ ತಿಂಗಳಲ್ಲಿ ಕಳೆದುಕೊಂಡು ಬಂದಳು. ಕಾಗದದಲ್ಲಿ ಸುತ್ತಿಟ್ಟಿದ್ದಳು.

ಎಲ್ಲಾ ಬದಲಾಗಲಿಲ್ಲ. ಜೋರಾಗಿ ನಗು ಬಂದರೆ ಅವಳ ಕೈ ಇವತ್ತಿಗೂ ಬಾಯಿಗೆ ಹೋಗುತ್ತೆ. ಕ್ಲಾಸಿನಲ್ಲಿ ಪ್ರಶ್ನೆ ಕೇಳಲು ಎದ್ದು ನಿಲ್ಲುವುದು ಅವಳಿಗೆ ಈಗಲೂ ಕಷ್ಟ. ಮಾಸ್ಕ್ ಯಾವಾಗ ಪೂರ್ತಿ ಬಿಟ್ಟಳು ಅಂತ ಅವ್ವನನ್ನು ಕೇಳಿದೆ. ಅವರಿಗೂ ನೆನಪಿಲ್ಲ. ಒಂದು ದಿನ ದಾರದ ಮೇಲೆ ಒಗೆದು ಹಾಕಿದ್ದು ಹಾಗೇ ಉಳಿಯಿತಂತೆ.

ರಿಟೇನರ್ ಹೊಸದು ಮಾಡಿಸಲು ಬಂದ ದಿನ ತಮ್ಮನನ್ನೂ ಕರೆತಂದಿದ್ದಳು. ಅವನಿಗೆ ಆರು ತುಂಬಿತ್ತು. ಕೆಳಗಿನ ಎರಡು ಹಾಲುಹಲ್ಲು ಬಿದ್ದು ಹೊಸವು ಅರ್ಧ ಮೊಳೆತಿದ್ದವು. ಅವನನ್ನು ತಾನೇ ಕುರ್ಚಿಗೆ ಹತ್ತಿಸಿ, ದೀಪ ತಿರುಗಿಸಿ, ಅವನ ಕೆಳತುಟಿ ಹಿಡಿದು ಕೆಳಗೆ ಎಳೆದಳು.

'ನೋಡ್ರಿ ಮೇಡಂ. ಇವಂದೂ ಹಳದಿ ಆಗ್ತಾವೇನ್ರಿ?'

ನೋಡಿದೆ. ಹೊಸ ಹಲ್ಲಿನ ಅಂಚಿನಲ್ಲಿ ತೆಳ್ಳಗೆ ಬಿಳಿ ಗೆರೆಗಳಿದ್ದವು. ಈ ಹಲ್ಲುಗಳು ಕಟ್ಟಿದ್ದು ಅವನು ಬೋರಿನ ನೀರು ಕುಡಿಯುತ್ತಿದ್ದಾಗ. ಅವಳಿಗೆ ಹಾಗೇ ಹೇಳಿದೆ. ಇವು ಸ್ವಲ್ಪ ಆಗಬಹುದು. ಹಿಂದಿನ ಹಲ್ಲುಗಳಲ್ಲಿ ಕೆಲವು ಇನ್ನೂ ಒಳಗೆ ಕಟ್ಟುತ್ತಿವೆ, ಅವು ಚೆನ್ನಾಗಿ ಬರಬಹುದು.

ಅವಳು ತಲೆ ಆಡಿಸಿದಳು. ಆಮೇಲೆ ತಮ್ಮನ ಚೀಲದಿಂದ ನೀರಿನ ಬಾಟಲಿ ತೆಗೆದು ನನಗೆ ತೋರಿಸಿದಳು. ಮುಚ್ಚಳದ ಮೇಲೆ ಅವಳದೇ ಅಕ್ಷರದಲ್ಲಿ, ಸ್ಕೆಚ್ ಪೆನ್ನಿನಲ್ಲಿ 'ಕ್ಯಾನ್ ನೀರು' ಅಂತ ಬರೆದಿತ್ತು.